ಆಚೆ ದಡದಿಂದ ಕಂಡದ್ದು

ಮಂಗಳವಾರ, ಮಧ್ಯಾಹ್ನ

ಪುಟ್ಟಿಯ ಅಪ್ಪನಿಗೆ ನಮಸ್ಕಾರ,

ನೀವು ಮನೆ ಬಿಟ್ಟು ಕಾರ್ಖಾನೆಯ ಕೋಣೆಯಲ್ಲೇ ಉಳಿದ ಮೇಲೆ ಬರೆಯುತ್ತಿರುವ ಮೊದಲ ಕಾಗದ ಇದು. ಜಗಳ ಮುಂದುವರಿಸಲು ಬರೆಯುತ್ತಿಲ್ಲ. ಪುಟ್ಟಿ ಶಾಲೆಗೆ ಹೋಗಿದ್ದಾಳೆ.

ಮಾರಲು ಬೆಳೆಸಿದ್ದ ಸಸಿಗಳೆಲ್ಲ ಹೋದವು. ಮೊದಲು ಟೊಮೆಟೊ ಸಸಿಯ ಎಳೆ ಎಲೆ ಹಳದಿಗೆ ತಿರುಗಿತು, ನರ ಮಾತ್ರ ಹಸಿರು. ಕಬ್ಬಿಣದ ಅಂಶ ಸಾಲದೇನೋ ಎಂದು ಅದರ ಗೊಬ್ಬರ ಕೊಟ್ಟೆ. ಆಮೇಲೆ ಬದನೆ, ಮೆಣಸು. ಬಿಸಿಲಿಗೆ ಸೊರಗಿವೆ ಎಂದುಕೊಂಡು ಕಾಲುವೆಯ ನೀರನ್ನು ಇನ್ನಷ್ಟು ಹುಯ್ದೆ. ಕೊನೆಗೆ ಒಂದನ್ನು ಕಿತ್ತು ನೋಡಿದರೆ ಬೇರು ಬೆಳೆದೇ ಇರಲಿಲ್ಲ. ಸುಟ್ಟ ದಾರದ ಹಾಗೆ ಕಂದು ಬಣ್ಣಕ್ಕೆ ತಿರುಗಿ ಮೊಂಡಾಗಿತ್ತು.

ಮಣ್ಣು ಪರೀಕ್ಷೆ ಮಾಡುವಲ್ಲಿಗೆ ಮಣ್ಣು, ನೀರು ಎರಡನ್ನೂ ಒಯ್ದೆ. ಅಲ್ಲಿನ ಮೇಡಂ, "ಗಿಡಕ್ಕೆ ಏನೂ ಕಮ್ಮಿ ಆಗಿಲ್ಲಮ್ಮ. ನೀರಲ್ಲಿ ನಿಕ್ಕಲ್, ಕ್ರೋಮಿಯಂ ಬರ್ತಿದೆ. ಬೇರು ಕೆಟ್ಟರೆ ಎಲೆಗೆ ಊಟ ಎಲ್ಲಿಂದ ಹೋಗುತ್ತೆ? ನಲ್ಲಿ ಗಿಲ್ಲಿಗೆ ಹೊಳಪಿನ ಲೇಪ ಹಾಕೋ ಕಾರ್ಖಾನೆ ಏನಾದ್ರೂ ಇದೆಯಾ ಹತ್ತಿರ?" ಅಂದರು. ನನಗೆ ಗೊತ್ತಿಲ್ಲ ಅಂದೆ. ಬಾಯಿಗೆ ಅದೇ ಬಂದುಬಿಟ್ಟಿತು. ಹಿತ್ತಲ ಸೊಪ್ಪು ತಿನ್ನಬೇಡಿ, ಈ ನೀರು ಬರುವುದು ನಿಂತರೂ ಮಣ್ಣು ಇದನ್ನೆಲ್ಲ ಬೇಗ ಬಿಟ್ಟುಕೊಡಲ್ಲ ಎಂದೂ ಹೇಳಿದರು.

ಭಾನುವಾರ ಬೆಳಗ್ಗೆ ಕಾಲುವೆಯ ಗುಂಟ ಮೇಲಕ್ಕೆ ನಡೆದೆ. ಬೇಡವೆಂದರೂ ಅತ್ತೆ ಜೊತೆಗೆ ಬಂದರು. ನಿಮ್ಮ ಕಾರ್ಖಾನೆಯ ಹಿಂದೆ, ಪೊದೆಯ ನಡುವೆ ಕೊಳವೆಯೊಂದು ಕಾಲುವೆಗೆ ಬಾಯಿ ತೆರೆದಿದೆ. ನೀವು ಬಗ್ಗಿ ಅದರ ವಾಲ್ವ್ ತಿರುಗಿಸುತ್ತಿದ್ದಿರಿ. ನೀರು ಹಸಿರು ಹಳದಿಯಾಗಿ ಬಿತ್ತು. ಕೂಗಿದ್ದರೆ ನಿಮಗೆ ಕೇಳಿಸುತ್ತಿತ್ತು, ಅಷ್ಟು ಹತ್ತಿರ ಆಚೆ ದಡದಲ್ಲಿ ನಿಂತಿದ್ದೆವು. ನೀವು ತಲೆ ಎತ್ತಲಿಲ್ಲ. ಅತ್ತೆ ಬಹಳ ಹೊತ್ತು ನೋಡಿ, "ಅವನಲ್ಲ ಬಿಡೇ. ಅವನ ಥರ ಇರೋರು ಯಾರೋ," ಅಂದರು. ನಾನು ಹೂಂ ಅಂದೆ.

ಅಳು ಬರಬಹುದೆಂದು ಕಾದೆ, ಬರಲಿಲ್ಲ. ಮನೆಗೆ ಬಂದು ಸೊಪ್ಪನ್ನೆಲ್ಲ ಕಿತ್ತು ಚೀಲಕ್ಕೆ ತುಂಬಿ ಬಾಯಿ ಕಟ್ಟಿದೆ. ಟ್ರೇಗಳನ್ನು ನಲ್ಲಿ ನೀರಲ್ಲಿ ತೊಳೆದು ಜೋಡಿಸಿಟ್ಟೆ. ಗಿರಾಕಿಗಳು ಕೇಳಿದರೆ, ಈ ಸಲ ಬೀಜ ಹಾಕಲಿಲ್ಲ ಅನ್ನುತ್ತೇನೆ.

ಮಾಲಿನ್ಯ ತಡೆಯುವ ಆಫೀಸಿಗೆ ದೂರು ಹೋಗಿದೆ. ಆಫೀಸಿನವರು ಶುಕ್ರವಾರ ಬರುತ್ತಾರಂತೆ. ಮಾಲೀಕರು, "ನಮಗೆ ಗೊತ್ತೇ ಇರಲಿಲ್ಲ, ಎಲ್ಲ ಮೇಸ್ತ್ರಿಯ ಕೆಲಸ" ಎಂದು ಮೇಸ್ತ್ರಿಯಾದ ನಿಮ್ಮ ತಲೆಗೆ ಕಟ್ಟುತ್ತಾರೆ. ಅದಕ್ಕೆ ಮುಂಚೆ, ಯಾರ ಮಾತು ಕೇಳಿ ಆ ನೀರು ಬಿಟ್ಟಿರಿ ಎಂದು ನೀವೇ ಅಲ್ಲಿಗೆ ಹೋಗಿ ಹೇಳಿ. ಇಷ್ಟು ತಿಳಿಸಬೇಕೆನಿಸಿತು. ಕೋಪವಿದ್ದಿದ್ದರೆ ತಿಳಿಸುತ್ತಿರಲಿಲ್ಲವೇನೋ. ಕೋಪವೂ ಬರುತ್ತಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಆ ನೀರನ್ನು ಕೈಗೆ ತಾಗಿಸಿಕೊಳ್ಳಬೇಡಿ.

ಇಂತಿ,
ಪುಟ್ಟಿಯ ಅಮ್ಮ

ತಾ.ಕ.: ದೂರು ಕೊಟ್ಟವಳು ನಾನಲ್ಲ. ನಿನ್ನೆ ಅತ್ತೆ ತಲೆ ಬಾಚಿಕೊಂಡು, ನನಗೂ ಹೇಳದೆ ಒಬ್ಬರೇ ಹೋಗಿ ಬಂದರು. ನಿಮಗೆ ತಿಳಿಸಬಾರದು ಅಂದಿದ್ದಾರೆ. ಕೊಳವೆಯಿಂದ ನೀರು ಬಿಡುತ್ತಿದ್ದವರು ಯಾರೆಂದು ಅಲ್ಲಿ ಕೇಳಿದರಂತೆ. "ನನ್ನ ಮಗ" ಅಂದರಂತೆ.