ನನ್ನ ಡಿಗ್ರಿ, ನಿನ್ನ ಸೀಟು

ಶಹಾಬಜಾರ, ಕಲಬುರಗಿ
ಗುರುವಾರ

ತಂಗಿ ಶೀಲಾ,

ಈ ಕಾಗದವನ್ನು ದೌಲಪ್ಪ ಕಾಕಾನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಇಲ್ಲಿ ಬಾಳೆಹಣ್ಣು ಮಾರಿ ಖಾಲಿ ಗಾಡಿ ತೆಗೆದುಕೊಂಡು ಸಂಜೆ ಕಮಲಾಪುರಕ್ಕೆ ಬರುತ್ತಾನೆ. ನಿನ್ನ ಕೈಗೇ ಕೊಡಬೇಕು ಎಂದು ಎರಡು ಸಲ ಹೇಳಿದ್ದೇನೆ. ಫೋನಿನಲ್ಲೇ ಹೇಳಿಬಿಡೋಣ ಎಂದು ಮೂರು ಸಲ ನೋಡಿದೆ. ನೀನು "ಅಣ್ಣಾ, ಹ್ಯಾಂಗಿದ್ದಿ?" ಅಂದ ಕೂಡಲೇ ಬೇರೆ ಏನೋ ಮಾತಾಡಿ ಫೋನ್ ಇಟ್ಟುಬಿಟ್ಟೆ. ಆದರೆ ನಿನ್ನೆ ನಿನ್ನ ಮೆಸೇಜ್ ಬಂದ ಮೇಲೆ ಇನ್ನು ತಡ ಮಾಡುವ ಹಾಗಿಲ್ಲ. "ಭಾನುವಾರ ಬ್ಯಾಗ್ ತಗೊಂಡು ನಿನ್ನ ಹತ್ರ ಬಂದ್ಬಿಡ್ತೀನಿ. ಇವರ ಮನ್ಯಾಗ ಇನ್ನ ನಾ ಇರಂಗಿಲ್ಲ" ಎಂದು ಬರೆದಿದ್ದೀಯ. ಅಪ್ಪನನ್ನು 'ಇವರು' ಮಾಡಿಬಿಟ್ಟಿದ್ದೀಯ.

ನಿನ್ನ ಸಿಟ್ಟು ನನಗೆ ಗೊತ್ತು. ನರ್ಸಿಂಗ್ ಸೀಟು ಸಿಕ್ಕಿತ್ತು, ಬ್ಯಾಂಕಿನ ಸಾಲ ಸಿಗಲಿಲ್ಲ, ಫೀ ಕಟ್ಟುವ ಕೊನೆಯ ದಿನ ದಾಟಿಹೋಯಿತು. ಅಪ್ಪ ಬ್ಯಾಂಕಿನಿಂದ ಬಂದು "ಅವರು ಕೊಡಂಗಿಲ್ಲ ಅಂದ್ರವ್ವ" ಎಂದಷ್ಟೇ ಹೇಳಿ ಮತ್ತೆ ಹೊರಗೆ ಹೋಗಿಬಿಟ್ಟ. ಮಗನಿಗೆ ಸಿನಿಮಾ ಓದಲು ಏಳು ಲಕ್ಷ ಎತ್ತಿಸಿಕೊಟ್ಟವನು, ಮಗಳ ಪಾಳಿ ಬಂದಾಗ ಒಂದು ಮಾತಿಗೆ ಎದ್ದು ಬಂದ ಎಂದು ನೀನು ತಿಳಿದೆ. ಮೂರು ತಿಂಗಳಿಂದ ಅವನ ಸಂಗಡ ಮಾತು ಬಿಟ್ಟಿದ್ದೀಯ. ಸಿಟ್ಟು ನ್ಯಾಯದ್ದೇ, ತಂಗಿ. ಆದರೆ ಬೇರೆಯವನ ಮೇಲೆ ಬಿದ್ದಿದೆ. ನಿನಗೆ ಸಾಲ ಸಿಗದ ಹಾಗೆ ಮಾಡಿದವನು ನಾನು.

ಮೊದಲಿನಿಂದ ಹೇಳುತ್ತೇನೆ. ಹೈದರಾಬಾದಿನ ಆ ಸಿನಿಮಾ ಕಾಲೇಜು ಕೊಟ್ಟ ಪುಸ್ತಿಕೆಯ ಹಿಂದಿನ ಪುಟದಲ್ಲಿ, ಓದು ಮುಗಿಸಿದವರ ಮೊದಲ ಸಂಬಳ ತಿಂಗಳಿಗೆ ನಲವತ್ತು ಸಾವಿರ ಎಂದು ಅಚ್ಚಾಗಿತ್ತು. ಯಾರಿಗೆ ಸಿಕ್ಕಿತು, ಎಷ್ಟು ಮಂದಿಗೆ ಸಿಕ್ಕಿತು ಎಂದು ನಾನೂ ಕೇಳಲಿಲ್ಲ, ಬ್ಯಾಂಕಿನವರೂ ಕೇಳಲಿಲ್ಲ. ಸಾಲದ ಕಾಗದಕ್ಕೆ ನನ್ನ ಜೊತೆ ಅಪ್ಪನೂ ಸಹಿ ಮಾಡಬೇಕಿತ್ತು. ಪೆನ್ನು ಹಿಡಿದು ಒಂದೇ ಪ್ರಶ್ನೆ ಕೇಳಿದ. "ಓದು ಮುಗಿಯೋತನಕ ಕಂತು ಇಲ್ಲಂದ್ರ ಬಡ್ಡೀನೂ ಇರಂಗಿಲ್ಲ ಹೌದಿಲ್ಲೋ?" ನಾನು ದೊಡ್ಡ ತಿಳಿದವನ ಹಾಗೆ "ಇರಂಗಿಲ್ಲಪ್ಪಾ" ಅಂದೆ. ಬಡ್ಡಿ ಮೊದಲ ದಿನದಿಂದಲೇ ಬೆಳೆಯುತ್ತಿತ್ತು. ನಾಲ್ಕು ವರ್ಷದ ಮೇಲೆ ಕಂತು ಶುರುವಾಗುವ ಹೊತ್ತಿಗೆ ಏಳು ಲಕ್ಷ ಒಂಬತ್ತೂವರೆ ಆಗಿತ್ತು. ತಿಂಗಳಿಗೆ ಹತ್ತು ಸಾವಿರದ ಎಂಟುನೂರು.

ಇನ್ನು ನನ್ನ ಗಳಿಕೆ ಕೇಳು. ಒಬ್ಬ ಎಡಿಟರನ ಕೈಕೆಳಗೆ ಆರು ತಿಂಗಳು ಬಿಟ್ಟಿ ದುಡಿದೆ. ಸಂಬಳದ ಬದಲು ಸಿನಿಮಾದ ಕೊನೆಗೆ ಹೆಸರು ಹಾಕುತ್ತೇವೆ ಎಂದರು, ಹಾಕಿದರು. ನೀನು ಗೆಳತಿಯರನ್ನು ಕರೆದುಕೊಂಡು ಕಲಬುರಗಿಯ ಟಾಕೀಸಿಗೆ ಹೋಗಿ, "ನಮ್ಮಣ್ಣನ ಹೆಸರು ಬರೋತನಕ ಯಾರೂ ಏಳಬ್ಯಾಡ್ರಿ" ಎಂದು ಬಾಗಿಲಿಗೆ ಅಡ್ಡ ನಿಂತಿದ್ದೆಯಂತೆ. ಹುಚ್ಚಿ! ಆ ಹೆಸರಿಗೆ ಒಂದು ಕಪ್ ಚಹಾ ಕೂಡ ಬರುವುದಿಲ್ಲ. ಆಮೇಲೆ ಒಂಬತ್ತು ಸಾವಿರ ಸಂಬಳ ಕೊಟ್ಟರು, ಅದರಲ್ಲಿ ಅರ್ಧ ರೂಮಿನ ಬಾಡಿಗೆಗೆ. ಲ್ಯಾಪ್‌ಟಾಪ್ ಮಾರಿ ಐದು ಕಂತು ಕಟ್ಟಿದೆ. ಎಡಿಟಿಂಗ್ ಕಲಿತ ಸಾಲ ತೀರಿಸಲು ಎಡಿಟಿಂಗ್ ಮಾಡುವ ಯಂತ್ರವನ್ನೇ ಮಾರಿದ ಜಾಣ ನಿನ್ನ ಅಣ್ಣ. ನನ್ನ ಜೊತೆ ಇಪ್ಪತ್ತೆರಡು ಮಂದಿ ಓದಿದರು. ಸಿನಿಮಾದಲ್ಲಿ ಉಳಿದವರು ಮೂರೇ ಜನ, ಮೂವರಿಗೂ ಆ ಊರಿನಲ್ಲಿ ಸ್ವಂತ ಮನೆಯಿತ್ತು. ಸಂಬಳವಿಲ್ಲದೆ ಎರಡು ವರ್ಷ ಕಾಯಲು ಅವರಿಗೆ ಆಯಿತು, ನನಗೆ ಆಗಲಿಲ್ಲ.

ಕಲಬುರಗಿಗೆ ಬಂದು ಜಹೀರುದ್ದೀನ್ ಭಾಯಿಯ ಸ್ಟುಡಿಯೋದಲ್ಲಿ ಮದುವೆ ವಿಡಿಯೋ ಮಾಡಲು ನಿಂತೆ. ಅಷ್ಟರಲ್ಲಿ ಮೂರು ಕಂತು ಬಾಕಿ ಬೀಳುವುದರಲ್ಲಿತ್ತು. ತಿಂಗಳ ಕೊನೆಯೊಳಗೆ ಮೂವತ್ತೆರಡು ಸಾವಿರ ಕಟ್ಟಿದರೆ ಖಾತೆ ಕೆಡುವುದಿಲ್ಲ ಎಂದು ಬ್ಯಾಂಕಿನವರು ಫೋನ್ ಮಾಡಿ ಹೇಳಿದರು. ಲಗ್ನದ ಸೀಜನ್. ಒಂದೊಂದು ದಿನ ಎರಡೆರಡು ಮಂಟಪ ಮಾಡಿ ಮೂವತ್ತು ಸಾವಿರ ಕೂಡಿಸಿದ್ದೆ, ಜಹೀರ್ ಭಾಯಿಯ ಹತ್ತಿರವೇ ಇಟ್ಟಿದ್ದೆ.

ಆಗ ನನ್ನೊಳಗಿನ ಸಿನಿಮಾದವನು ಎದ್ದು ಕೂತ. ಒಂದು ಮದುವೆಯಲ್ಲಿ ಆಯೇರಿ ಮಾಡುವುದೇ ಎರಡು ತಾಸು ನಡೆಯಿತು. ಬಂಧುಗಳು ಒಬ್ಬೊಬ್ಬರಾಗಿ ಬಂದು ಸೀರೆ, ಧೋತರ, ಉಂಗುರ ಕೊಟ್ಟು ಕ್ಯಾಮೆರಾ ನೋಡುತ್ತ ನಿಲ್ಲುವುದು. ನೋಡುವವರಿಗೆ ಬೇಸರ ಎಂದುಕೊಂಡು ಅದನ್ನು ನಾಲ್ಕು ನಿಮಿಷಕ್ಕೆ ಇಳಿಸಿ ಹಿಂದೆ ಶಹನಾಯಿ ಹಾಕಿದೆ. ಎಷ್ಟು ಚಂದ ಬಂದಿತ್ತು ಗೊತ್ತಾ! ಉಳಿದದ್ದನ್ನು ಜಾಗವಿಲ್ಲವೆಂದು ಅಳಿಸಿಬಿಟ್ಟೆ. ಎಂಟು ದಿನಕ್ಕೆ ಮದುಮಗಳ ತಂದೆ ಸುನೀಲಕುಮಾರ ಸ್ಟುಡಿಯೋಕ್ಕೆ ಬಂದು ಬೆಂಕಿಯಾದರು. "ನಮ್ಮ ಮಾವ ಹಾಕಿದ ಉಂಗುರ ಎಲ್ಲದರೀ? ಯಾರು ಏನ್ ಕೊಟ್ಟಾರಂತ ನೋಡ್ದೆ ನಾವು ಅವರ ಮನಿ ಲಗ್ನಕ್ಕ ಏನ್ ಒಯ್ಯಬೇಕ್ರೀ?" ಜಹೀರ್ ಭಾಯಿ ಅವರೆದುರು ಕೈಮುಗಿದು ಮೂವತ್ತು ಸಾವಿರ ಹಿಂದಿರುಗಿಸಿದರು. ನನ್ನ ಮೂವತ್ತು ಸಾವಿರ. ಆಮೇಲೆ ನನಗೆ ಹೇಳಿದ್ದು ಇಷ್ಟೇ: "ಅರೇ ಬೇಟಾ, ಇದು ಪಿಕ್ಚರ್ ಅಲ್ಲ. ಡಿಗ್ರಿ ರೂಮಿನ್ಯಾಗ ಇಟ್ಟು ಬಾ, ಕ್ಯಾಮೆರಾ ಅಷ್ಟೇ ಸಾಕು." ಆ ತಿಂಗಳ ಕೊನೆಗೆ ನನ್ನ ಸಾಲ ಕೆಟ್ಟ ಸಾಲದ ಪಟ್ಟಿಗೆ ಸೇರಿತು. ನನ್ನ ಹೆಸರಿನ ಜೊತೆ ಅಪ್ಪನ ಹೆಸರೂ ಸೇರಿತು.

ಬ್ಯಾಂಕಿನ ನೋಟಿಸುಗಳು ಅಪ್ಪನಿಗೂ ಬರುತ್ತಿದ್ದವು. ಇಂಗ್ಲಿಷ್ ಓದಲು ಬಾರದೆ, ತಾನು ಅಡುಗೆಗೆ ನಿಂತಿರುವ ಹಾಸ್ಟೆಲಿನಿಂದಲೇ ಫೋಟೋ ತೆಗೆದು ನನಗೆ ಕಳಿಸುತ್ತಿದ್ದ. "ಅದು ಎಲ್ಲರಿಗೂ ಬರ್ತದಪ್ಪಾ, ನಾ ನೋಡ್ಕೋತೀನಿ" ಎಂದು ಮೂರು ವರ್ಷ ಒಂದೇ ಸುಳ್ಳು ಹೇಳಿದೆ. ಅಸಲು ಬಡ್ಡಿ ಸೇರಿ ಈಗ ಹನ್ನೆರಡು ಲಕ್ಷ ದಾಟಿದೆ.

ನಿನ್ನ ಸಾಲ ಕೇಳಲು ಹೋದ ದಿನ ಅವನು ಮತ್ತೆ ಹೊರಗೆ ಹೋದದ್ದು ಹಾಸ್ಟೆಲಿಗಲ್ಲ. ಬಸ್ ಹತ್ತಿ ನೆಟ್ಟಗೆ ನನ್ನ ರೂಮಿಗೆ ಬಂದ. ಬೈಯಲಿಲ್ಲ. ಬಾಗಿಲಲ್ಲೇ ಕೂತು, "ಮ್ಯಾನೇಜರ್ ಸಾಹೇಬ್ರು ಕಂಪ್ಯೂಟರ್ ನನ್ ಕಡಿಗಿ ತಿರುಗಿಸಿ ತೋರಿಸಿದ್ರು. ಅಂಬಣ್ಣ ಅಂತ ನನ್ ಹೆಸರು ಅದ. ಮುಂದ ಏನ್ ಬರದದ್ರೀ ಅಂತ ಕೇಳ್ದೆ. ಸಾಲ ಮುಳುಗಿಸಿದವ ಅಂತ ಬರದದ ಅಂದ್ರು" ಎಂದ. ಕಿರಾಣಿ ಅಂಗಡಿಯಲ್ಲಿ ಚಹಾಪುಡಿಯನ್ನೂ ಉದ್ರಿ ತಂದವನಲ್ಲ ಅವನು. ನಾನು ಅಳುತ್ತ, ಶೀಲಾಗೆ ಈಗಲೇ ಫೋನ್ ಮಾಡಿ ಹೇಳುತ್ತೇನೆ ಅಂದೆ. ಫೋನ್ ಕಸಿದುಕೊಂಡ. "ಬ್ಯಾಡ. ಆಕಿಗಿ ನೀ ಅಂದ್ರ ಭಾಳ. ನನ್ ಮ್ಯಾಲ ಸಿಟ್ಟಾದ್ರ ಆಗ್ಲಿ, ನಾ ತಡ್ಕೋತೀನಿ. ಅವ್ವನೂ ಇಲ್ಲ, ಅಣ್ಣನೂ ಹ್ವಾದ್ರ ಆಕಿಗಿ ಯಾರದಾರ?" ಹೇಳುವುದಿಲ್ಲ ಎಂದು ನನ್ನಿಂದ ಆಣೆ ಮಾಡಿಸಿಕೊಂಡ. ನಿಜ ಹೇಳಲೇನು? ಆಗ ನನಗೆ ಹಗುರವಾಯಿತು. ಥೂ, ನನ್ನ ಜನ್ಮಕ್ಕೆ.

ಆ ಓದು ನನಗೆ ಇಷ್ಟವಿರಲಿಲ್ಲ ಎಂದು ಹೇಳಿದರೆ ಅದು ಇನ್ನೊಂದು ಸುಳ್ಳಾದೀತು. ಚಿತ್ರದ ಎರಡು ತುಣುಕು ಅಕ್ಕಪಕ್ಕ ಜೋಡಿಸಿದಾಗ, ಅಳದೇ ಇದ್ದ ಹೆಂಗಸು ಅತ್ತಂತೆ ಕಂಡ ದಿನ ನಾನು ಕುಣಿದಿದ್ದೆ. ಆ ಸುಖ ಒಂದು ಕಡೆ, ನಿನ್ನ ಸೀಟು ಮತ್ತು ಅಪ್ಪನ ಹೆಸರು ಇನ್ನೊಂದು ಕಡೆ. ಎಷ್ಟು ಸಲ ತೂಗಿದರೂ ನನ್ನ ಕಡೆ ಏನೂ ಇಲ್ಲ.

ಬರುವ ವರ್ಷ ನೋಡೋಣ ಎಂದು ನಿನಗೆ ಆಸೆ ಹುಟ್ಟಿಸಲಾರೆ. ಬ್ಯಾಂಕಿಗೆ ನಾನೇ ಹೋಗಿ ಕೇಳಿದೆ. ಪೂರ್ತಿ ತೀರುವವರೆಗೆ ಅಪ್ಪನ ಸಹಿ ಎಲ್ಲಿಯೂ ನಡೆಯುವುದಿಲ್ಲ, ತೀರಿದ ಮೇಲೂ ಕೆಲವು ವರ್ಷ ಆ ಕಲೆ ಹೋಗುವುದಿಲ್ಲ ಎಂದರು. ನನ್ನ ಇಂದಿನ ದುಡಿಮೆಯಲ್ಲಿ ಅದು ತೀರುವುದಿಲ್ಲ. ಭಾನುವಾರ ಬರಬೇಡ ಎನ್ನುವ ಬಾಯಿಯೂ ನನಗಿಲ್ಲ. ಆದರೆ ಅವನ ಮೇಲಿನ ಸಿಟ್ಟಿಗೆ ಮನೆ ಬಿಟ್ಟು, ನಿನ್ನ ಸೀಟು ಕಳೆದವನ ರೂಮಿಗೆ ಬರಬೇಡ.

ದಿನವೂ ತಾಟು ಮುಚ್ಚಿಟ್ಟು ನೀನು ಒಳಗೆ ಹೋಗಿ ಮಲಗಿಬಿಡುತ್ತೀಯಂತೆ. ಇನ್ನೂರು ಹುಡುಗರಿಗೆ ಬಡಿಸಿ ಬಂದವನು ಒಬ್ಬನೇ ಕೂತು ಉಣ್ಣುತ್ತಾನೆ. ಈ ಕಾಗದದ ಮಾತು ಅವನೆದುರು ಎತ್ತಬೇಡ. "ಅಪ್ಪಾ, ಉಣ್ಣಾಕ ಬಾ" ಎಂದು ಒಂದು ಸಲ ಕರೆ, ಸಾಕು. ನಾನು ಆಣೆ ಮುರಿದೆ ಎಂದು ಅಷ್ಟರಲ್ಲೇ ಅವನಿಗೆ ತಿಳಿಯುತ್ತದೆ.

ಹರಸುವ ಹಕ್ಕು ನನಗೆ ಉಳಿದಿಲ್ಲ, ಆದರೂ ನಿನಗೆ ಒಳಿತಾಗಲಿ, ತಂಗಿ. ಜೈಭೀಮ.

ಅಣ್ಣ ಎಂದು ಬರೆದುಕೊಳ್ಳಲು ನಾಚುತ್ತಿರುವ,
ವಿಶ್ವಾಸ