ಕೆಳಗೆ ಬಿದ್ದ ಗಿಳಿ ಬಾಗಿಲು

ನವೆಂಬರ್ 4, ಮಂಗಳವಾರ. ಬೆಳಿಗ್ಗೆ 8

ನನ್ನ ವೆಬ್‌ಸೈಟ್‌ಗೆ ಹಾಕಿದ ಫೋಟೋದಲ್ಲಿ ಇವತ್ತೂ ಅರ್ಧ ಬಾಗಿಲು ಫೋನಿನ ಆಚೆಗೇ ಇದೆ. ಲ್ಯಾಪ್‌ಟಾಪ್‌ನಲ್ಲಿ ಸರಿ, ಫೋನಿನಲ್ಲಿ ಗರಗಸ ಹಾಕಿದ ಹಾಗೆ. ಟೇಪ್ ಹಿಡಿದು ಲ್ಯಾಪ್‌ಟಾಪ್ ಸ್ಕ್ರೀನ್ ಅಳೆದೇ ಬರೆದದ್ದು — ಅಗಲ ಹದಿಮೂರು ಇಂಚು. ಮೂವತ್ತು ವರ್ಷ ಬಡಗಿ ಕೆಲಸ. ಅಳತೆ ತಪ್ಪುವ ಆಸಾಮಿಯೇ ನಾನು?

ಮಗಳು ಅನನ್ಯ ಕಾಲೇಜಿಗೆ ಹೊರಟವಳು ನೋಡಿ ನಕ್ಕಳು. "ಅಪ್ಪ, ಫೋನಿಗೂ ಲ್ಯಾಪ್‌ಟಾಪ್‌ಗೂ ಒಂದೇ ಇಂಚಾ? ಪರ್ಸೆಂಟಲ್ಲಿ ಬರೀರಿ. ಟೇಪ್ ಒಳಗಿಡಿ."

"ಪರ್ಸೆಂಟ್ ಬರಂಗಿದ್ರೆ ಏಳನೇ ಕ್ಲಾಸಿಗೆ ಸ್ಕೂಲ್ ಯಾಕ್ ಬುಡ್ತಿದ್ದೆ ಕಣಮ್ಮ?"

"ನಾನೇ ಮಾಡ್ಕೊಡ್ಲಾ?"

ಬೇಡ ಅಂದೆ. ಯಾದವಗಿರಿಯ ಶಾರದಮ್ಮನವರ ಮುಂದೆ ಜಂಬ ಕೊಚ್ಚಿಬಿಟ್ಟಿದ್ದೇನೆ, ವೆಬ್‌ಸೈಟ್ ನಾನೇ ಮಾಡಿದ್ದು ಅಂತ. ಭಾನುವಾರ ನೋಡುತ್ತಾರಂತೆ. ಹಿಡಿಸಿದರೆ ಅವರ ದೇವರಮನೆ ಬಾಗಿಲು ನನ್ನ ಕೈಗೆ. ಇಲ್ಲದಿದ್ದರೆ ರೆಡಿಮೇಡ್ ತರಿಸುತ್ತಾರೆ.

ನವೆಂಬರ್ 5

ಪರ್ಸೆಂಟ್ ಹಾಕಿದೆ. ಬಾಗಿಲುಗಳು ಒಳಗೆ ಬಂದವು! ಎರಡೇ ಫೋಟೋ, ಸಾಲು ಬೋಳು ಬೋಳು. ನಮ್ಮ ಅಡುಗೆಮನೆ ಬಾಗಿಲ ಫೋಟೋ ತೆಗೆದು ಮೂರನೆಯದು ಮಾಡಿದೆ. ಮದುವೆಯಾದ ವರ್ಷ ಎರಡು ಗಿಳಿ ಕೆತ್ತಿದ್ದು.

ಹೆಂಡತಿ ಕುಸುಮ ಸೌಟು ಹಿಡಿದೇ ಬಂದಳು. "ಇದ್ಯಾಕ್ರೀ? ಇಂಥದ್ದು ಇನ್ಯಾರ್ಗೂ ಮಾಡಕಿಲ್ಲ ಅಂತ ನಮ್ಮವ್ವನ ಮುಂದೆ ಹೇಳಿದ್ರಿ."

"ಮಾಡಕಿಲ್ಲ ಕಣೇ. ಬರೀ ಜಾಗ ತುಂಬ್ಸಕ್ಕೆ. ಗ್ರೂಪ್ ಫೋಟೋದಲ್ಲಿ ನಿಮ್ಮಣ್ಣ ನಿಂತಂಗೆ."

ಸೌಟು ತಪ್ಪಿಸಿಕೊಂಡೆ.

ನವೆಂಬರ್ 8, ಶನಿವಾರ

ಎರಡು ದಿನ ಬರೆಯಲು ಮುಖವಿರಲಿಲ್ಲ. ಬೀಡಿಂಗ್, ಅಂದರೆ ಅಂಚಿನ ಪಟ್ಟಿ, ಇಲ್ಲದ ಫೋಟೋ ಚೆಂದವಿಲ್ಲ ಅಂತ ಸುತ್ತ ಬಾರ್ಡರ್ ಹಾಕಿದೆ. ಒಳಗೆ ಸ್ವಲ್ಪ ಪ್ಯಾಡಿಂಗ್ — ಜಾಗ ಬಿಡುವುದು ಅಷ್ಟೇ. ಗಿಳಿ ಬಾಗಿಲು ದಬಕ್ಕನೆ ಕೆಳಗಿನ ಸಾಲಿಗೆ ಬಿತ್ತು! ಒಂದೇ ನಿಂತಿದೆ, ಕ್ಲಾಸಿನಿಂದ ಆಚೆ ಹಾಕಿದಾಗ ನಾನು ನಿಲ್ಲುತ್ತಿದ್ದ ಹಾಗೆ. ಒಂದೊಂದಕ್ಕೂ ಮೂವತ್ತಮೂರು ಪರ್ಸೆಂಟು, ಮೂರು ಸಲ... ನೂರು ದಾಟಿಲ್ಲವಲ್ಲ? ನಮ್ಮ ಬಡಗಿ ಲೆಕ್ಕದಲ್ಲಿ ಮೂರಡಿ ಅಂದರೆ ಚೌಕಟ್ಟೂ ಸೇರಿ ಮೂರಡಿ.

"ಇಲ್ಲಿ ಚೌಕಟ್ಟು ಅಗಲದ ಆಚೆಗೆ ಸೇರುತ್ತಪ್ಪ" ಅಂದಳು ಅನನ್ಯ. "ಒಳಗೇ ಲೆಕ್ಕ ಹಿಡಿ ಅಂತ ಒಂದ್ ಸಾಲು ಬರೀಬೇಕು."

ಬರೆದೆ. ಏನೂ ಆಗಲಿಲ್ಲ. ಎಲ್ಲಿ ಬರೆದೆನೋ, ಈಗ ಅದೂ ಸಿಗುತ್ತಿಲ್ಲ.

ನವೆಂಬರ್ 9, ಭಾನುವಾರ. ಮಧ್ಯಾಹ್ನ

ಶಾರದಮ್ಮ ಫೋನ್ ಮಾಡಿದ್ದರು. "ಸಿದ್ದರಾಜು, ನೋಡಿದೆ. ನೀವೇ ಮಾಡಿದ್ದು ಅಂತ ನೋಡಿದ ತಕ್ಷಣ ಗೊತ್ತಾಯ್ತು." ನಕ್ಕರು. ನಾನೂ ನಕ್ಕೆ. "ಮೇಲಿನೆರಡು ಪರವಾಗಿಲ್ಲ. ಕೆಳಗೆ ವಿಶೇಷವಾಗಿ ಒಂದೇ ಇಟ್ಟಿದ್ದೀರಲ್ಲ, ಗಿಳಿಯದು... ಅದೇ ಬೇಕು. ಒಂದು ಗೀಟೂ ವ್ಯತ್ಯಾಸ ಇರಬಾರದು."

ಇಟ್ಟಿದ್ದಲ್ಲ ಅಮ್ಮಾ, ಬಿದ್ದದ್ದು — ಅನ್ನಲಿಲ್ಲ. ಆಗಲಿ ಅಂದುಬಿಟ್ಟೆ.

ಕೆಲಸ ಸಿಕ್ಕಿತು. ಕುಣಿಯಬೇಕು. ಕುಸುಮನಿಗೆ ಇನ್ನೂ ಹೇಳಿಲ್ಲ. ಒಂದು ಗಿಳಿಯ ಕೊಕ್ಕು ಆ ಕಡೆ ತಿರುಗಿಸಿದರೆ ಬೇರೆ ಬಾಗಿಲು ಅನ್ನಬಹುದಾ? ಶಾರದಮ್ಮ ಒಪ್ಪಲ್ಲ. ತಿರುಗಿಸದಿದ್ದರೆ ಇವಳು...

ಅದೇ ಗಿಳಿ ಬಾಗಿಲ ಹಿಂದಿನಿಂದ ಕೂಗುತ್ತಿದ್ದಾಳೆ. "ಬರ್ರೀ, ಮುದ್ದೆ ಆರೋಯ್ತದೆ! ಫೋನಲ್ಲಿ ಯಾರ್ರೀ ಅದು? ಏನಂದ್ರು?"

ಮೊದಲು ಉಂಡು, ಆಮೇಲೆ —