ಮರದ ಬ್ಯಾಟರಿ

ಅಕ್ಕನ ಸನ್ನಿಧಾನಕ್ಕೆ ತಮ್ಮ ಅಡ್ಡಬಿದ್ದು ಬರೆಯುವುದು: ನಿನ್ನ ಕ್ಯಾಮೆರಾ ಕ್ಷೇಮ. ಈಗ ಕೂತುಕೊಂಡು ಮುಂದೆ ಓದು.

ಇಲ್ಲಿಯ ಚಳಿಗೆ ನೀನು ಕೊಟ್ಟ ಎರಡು ಬ್ಯಾಟರಿಗಳೂ ಅರ್ಧ ಗಂಟೆಗೇ ಕೈಚೆಲ್ಲಿದವು. ನಕ್ಷತ್ರಗಳ ಫೋಟೋಕ್ಕೆ ಕ್ಯಾಮೆರಾ ರಾತ್ರಿಯಿಡೀ ಎದ್ದಿರಬೇಕು. ಕಾರಿನ ಬ್ಯಾಟರಿಯಿಂದ ಕರೆಂಟು ಕೊಡೋಣವೆಂದರೆ, ತಂತಿ ಸಿಕ್ಕಿಸಲು ಕ್ಯಾಮೆರಾದೊಳಗೆ ಬ್ಯಾಟರಿಯದೇ ಆಕಾರದ ಡಮ್ಮಿಯೊಂದು ಕೂರಬೇಕು. ಅದು ಈ ಊರಲ್ಲಿ ಸಿಗದು. ಕೆಳಗಿನ ಮನೆಯ ಬಡಗಿ ನಿನ್ನ ಬ್ಯಾಟರಿಯನ್ನು ಅಳೆದು, ಮುರಿದ ಕುರ್ಚಿಯ ಕಾಲಿನಲ್ಲಿ ಅದರ ಅವಳಿಯನ್ನೇ ಕೆತ್ತಿ, ತಾಮ್ರದ ಪಟ್ಟಿ ಕೂರಿಸಿದರು. ಕಾರಿನ ಹನ್ನೆರಡು ವೋಲ್ಟನ್ನು ಕ್ಯಾಮೆರಾಕ್ಕೆ ಬೇಕಾದ ಎಂಟಕ್ಕಿಳಿಸುವ ಡಬ್ಬಿ ನಾನು ತಂದೆ. ಪ್ಲಸ್ಸು ಮೈನಸ್ಸು ಅದಲುಬದಲಾದರೆ ಕ್ಯಾಮೆರಾಕ್ಕೆ ಸದ್ಗತಿ. ಬಡಗಿ ವೋಲ್ಟ್ ಮೀಟರು ಹಿಡಿದು ಎರಡು ಸಲ ನೋಡಿದರು.

"ಕ್ಯಾಮೆರಾ ನಿಮ್ದೇನಾ?"

"ಅಲ್ಲ, ನಮ್ಮಕ್ಕಂದು."

"ಮೊದಲೇ ಹೇಳ್ಬಾರ್ದಾ ಸ್ವಾಮಿ!" ಎಂದು ಮೂರನೇ ಸಲವೂ ನೋಡಿದರು.

ಮರದ ತುಂಡನ್ನು ಹೊಟ್ಟೆಯಲ್ಲಿಟ್ಟುಕೊಂಡು ನಿನ್ನ ಕ್ಯಾಮೆರಾ ಬೆಳಗಿನವರೆಗೆ ಕಣ್ಣು ಮುಚ್ಚಲಿಲ್ಲ. ನೀನು ಹೆಣೆದ ಸ್ವೆಟರನ್ನು ಕಾರಿನ ಬ್ಯಾಟರಿಗೆ ಹೊದಿಸಿದ್ದರಿಂದ ಅದಕ್ಕೆ ನೆಗಡಿಯಾಗಲಿಲ್ಲ, ನನಗಾಗಿದೆ. ಮಾತ್ರೆ ನುಂಗಿದ್ದೇನೆ.

ಬೆಳಿಗ್ಗೆ ಬಡಗಿಗೆ ಫೋಟೋ ತೋರಿಸಿದೆ: ಬರಿಗಣ್ಣಿಗೆ ಕಾಣದ ಗುಲಾಬಿ ಬಣ್ಣದ ಮೋಡ, ಅದರ ಸುತ್ತ ರಾಶಿ ನಕ್ಷತ್ರ. "ಚೆನ್ನಾಗಿದೆ" ಎಂದರು. ಆಮೇಲೆ ಮರದ ಬ್ಯಾಟರಿಯನ್ನು ಹೊರತೆಗೆದು ಬೆರಳಾಡಿಸಿ, "ಈ ಮೂಲೆ ಒರಟಾಗಿದೆಯಲ್ಲ, ನಿಮ್ಮಕ್ಕ ನೋಡಿದ್ರೆ ಏನಂದ್ಕೋತಾರೆ?" ಎಂದು ಸ್ಯಾಂಡ್‌ಪೇಪರ್ ಹಿಡಿದು ಕೂತರು.

ಈ ಅಂಚೆ ಕಾರ್ಡು ತುಂಬಿತು. ಅವರು ಇನ್ನೂ ಉಜ್ಜುತ್ತಿದ್ದಾರೆ.

ನಿನ್ನ ತಮ್ಮ